ಕಲ್ಯಾಣ ಕರ್ನಾಟಕದಿಂದ ಕಲ್ಯಾಣಕ್ಕೆ: ಮುಂಬೈ ಮಹಾನಗರ ಪ್ರದೇಶದ ಉದ್ಯೋಗ ಮತ್ತು ಸಿರವಾರ ತಾಲ್ಲೂಕಿನ ಒಬ್ಬ ಎಲೆಕ್ಟ್ರಿಷಿಯನ್

ರಾಯಚೂರು ಜಿಲ್ಲೆಯ ಸಿರವಾರ ತಾಲ್ಲೂಕಿನ ಒಂದು ಹಳ್ಳಿಯ ಯುವಕ 2022ರಲ್ಲಿ ಐಟಿಐ ಎಲೆಕ್ಟ್ರಿಷಿಯನ್ ತರಬೇತಿ ಮುಗಿಸಿ, ಅದೇ ವರ್ಷದ ನವೆಂಬರಿನಲ್ಲಿ ಮುಂಬೈ ಕಡೆಗೆ ದುಡಿಯಲು ಹೋದ. ಎಂಟು ತಿಂಗಳಿಗೆ ಊರಿಗೆ ಮರಳಿದ. ಎರಡು ತಿಂಗಳು ಮನೆಯಲ್ಲಿದ್ದು, ಮತ್ತೆ ಅದೇ ಮಹಾನಗರದ ಇನ್ನೊಂದು ಮೂಲೆಗೆ, ಮೊದಲಿಗಿಂತ ಕಡಿಮೆ ಹಣಕ್ಕೆ ಹೊರಟು ನಿಂತ. ಹೆಚ್ಚಿನ ಸಂಬಳ ಬಿಟ್ಟು ಬಂದವನು ಕಡಿಮೆ ಸಂಬಳಕ್ಕೆ ಏಳುನೂರು ಕಿಲೋಮೀಟರ್ ದೂರ ಮತ್ತೇಕೆ ಹೋಗಬೇಕು ಎಂದು ಊರಿನವರು ಕೇಳಿದ್ದು ಸಹಜವೇ. ಈ ಬರಹ ಆ ಪ್ರಶ್ನೆಯನ್ನು ಹಿಡಿದುಕೊಂಡು ಹೊರಟದ್ದು.

ರಾಯಚೂರಿನ ಒಂದು ತರಬೇತಿ ಸಂಸ್ಥೆಯಲ್ಲಿ ಕಲಿತು ಹೊರಬೀಳುವ ಹುಡುಗರಿಗೆ ಕೆಲಸದ ದಾರಿ ತೋರಿಸುವ ಹೊಣೆ ನನ್ನ ಮೇಲಿದೆ. ಈ ಪ್ರಕರಣದಲ್ಲಿ ಮೊದಲ ಸಲಹೆ ಕೊಟ್ಟವನು ನಾನೇ, ಮತ್ತು ಆ ಸಲಹೆ ತಪ್ಪಾಗಿತ್ತು. ತಪ್ಪು ಎಲ್ಲಿ ಆಯಿತೆಂದು ನೋಡಲು ಯುವಕನ ಸಂಬಳದ ಚೀಟಿಗಳನ್ನೂ ಅವನು ಮೊಬೈಲಿನಲ್ಲಿ ಬರೆದಿಟ್ಟಿದ್ದ ಖರ್ಚಿನ ಲೆಕ್ಕವನ್ನೂ ಎದುರಿಗಿಟ್ಟುಕೊಂಡು ಕುಳಿತಾಗ, ನಾನು ಇಷ್ಟು ವರ್ಷ ‘ಮುಂಬೈ’ ಎಂಬ ಒಂದೇ ಹೆಸರಿನಲ್ಲಿ ಎಷ್ಟು ಬೇರೆ ಬೇರೆ ಊರುಗಳನ್ನು ತುಂಬಿಟ್ಟಿದ್ದೆ ಎಂಬುದು ತಿಳಿಯಿತು. ಮನೆಯವರ ಒಪ್ಪಿಗೆ ಪಡೆದು ಬರೆದಿದ್ದೇನೆ. ಅವರ ಹೆಸರುಗಳನ್ನೂ ಕೆಲಸ ಕೊಟ್ಟ ಸಂಸ್ಥೆಗಳ ಹೆಸರುಗಳನ್ನೂ ಬಿಟ್ಟಿದ್ದೇನೆ.

ಮನೆಯ ಸ್ಥಿತಿ

ಈ ಕುಟುಂಬಕ್ಕೆ ಐದು ಎಕರೆ ಹೊಲವಿದೆ. ತುಂಗಭದ್ರಾ ಎಡದಂಡೆ ನಾಲೆ ಸುಮಾರು 227 ಕಿಲೋಮೀಟರ್ ಹರಿದು ಬರುವಷ್ಟರಲ್ಲಿ ಮೇಲಿನವರು ಪಂಪುಸೆಟ್ ಹಚ್ಚಿ ಎಳೆದುಕೊಂಡು ಉಳಿದ ನೀರು ಕೊನೆಭಾಗಕ್ಕೆ ಬರಬೇಕು. ಬಂದ ವರ್ಷ ಭತ್ತ, ಬಾರದ ವರ್ಷ ಹತ್ತಿ ಅಥವಾ ಜೋಳ ಎಂಬುದು ಇಲ್ಲಿನ ಲೆಕ್ಕ. ತಂದೆ, ತಾಯಿ, ಪಿಯುಸಿ ಓದುತ್ತಿದ್ದ ತಂಗಿ, ಒಂದು ಎಮ್ಮೆ, ಮತ್ತು ಗೊಬ್ಬರದ ಅಂಗಡಿಯಲ್ಲಿ ಸುಗ್ಗಿಯ ತನಕ ನಿಲ್ಲುವ ಬಾಕಿ. ಸಿರವಾರ, ಮಾನ್ವಿ ಕಡೆಯ ಯಾವ ಹಳ್ಳಿಗೆ ಹೋದರೂ ಇಂಥ ಮನೆ ಸಿಗುತ್ತದೆ, ಆದ್ದರಿಂದ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಯುವಕನ ಮುಂದೆ ಮೂರು ದಾರಿಗಳಿದ್ದವು. ಮೊದಲನೆಯದು ಸರಕಾರಿ ನೌಕರಿಗೆ ಕಾಯುವುದು. ಸಂವಿಧಾನದ 371(ಜೆ) ವಿಧಿಯ ಪ್ರಕಾರ ಈ ಭಾಗದ ಸ್ಥಳೀಯ ವೃಂದದ ‘ಸಿ’ ದರ್ಜೆಯ ಹುದ್ದೆಗಳಲ್ಲಿ ಶೇ 80ರಷ್ಟು ಇಲ್ಲಿಯವರಿಗೇ ಮೀಸಲು ಇರುವುದರಿಂದ, ಇವತ್ತಲ್ಲ ನಾಳೆ ಈ ಭಾಗದ ವಿದ್ಯುತ್ ಸರಬರಾಜು ಕಂಪನಿ ಜೆಸ್ಕಾಂನಲ್ಲಿ ಏನಾದರೂ ಕರೆಯುತ್ತಾರೆ ಎಂಬ ಆಸೆಯಲ್ಲಿ ನಾಲ್ಕೈದು ವರ್ಷ ಕುಳಿತ ಹುಡುಗರು ನಮ್ಮಲ್ಲಿ ಪ್ರತಿ ಹಳ್ಳಿಗೂ ಸಿಗುತ್ತಾರೆ. ಮೀಸಲಾತಿ ಇದ್ದರೂ ಹುದ್ದೆ ಕರೆದರೆ ತಾನೆ ಅದಕ್ಕೆ ಅರ್ಥ? 2024ರ ಅಕ್ಟೋಬರಿನಲ್ಲಿ ಕಿರಿಯ ಪವರ್‌ಮ್ಯಾನ್ ಹುದ್ದೆಗಳಿಗೆ ಅರ್ಜಿ ಕರೆದಾಗ ಇವನೂ ಹಾಕಿದ. ಆಯ್ಕೆ ಹತ್ತನೆಯ ತರಗತಿಯ ಅಂಕ ಮತ್ತು ಕಂಬ ಹತ್ತುವಂಥ ಸಹನಶಕ್ತಿ ಪರೀಕ್ಷೆಯ ಮೇಲೆ ನಿಂತಿತ್ತು. ಕಂಬ ಹತ್ತಲು ಇವನಿಗೆ ತೊಂದರೆಯಿರಲಿಲ್ಲ, ಆದರೆ ಅಂಕಗಳ ದೆಸೆಯಿಂದ ಕಂಬದ ತನಕ ಹೋಗುವ ಪ್ರಮೇಯವೇ ಬರಲಿಲ್ಲ.

ಎರಡನೆಯದು ರಾಯಚೂರಿನಲ್ಲೇ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಎಲೆಕ್ಟ್ರಿಷಿಯನ್ ಕೆಲಸ. ತಿಂಗಳಿಗೆ 12,000 ರೂಪಾಯಿ ಕೈಗೆ ಕೊಡುತ್ತೇವೆ ಎಂದಿದ್ದರು. ಹತ್ತಿಯ ಹಂಗಾಮು ಮುಗಿದ ಮೇಲೆ ಕೆಲಸ ಇರುತ್ತದೆಯೇ ಎಂಬ ಮಾತಿಗೆ ಸಾಹುಕಾರರು “ನೋಡೋಣಂತ” ಎಂದಿದ್ದರು. ಮೂರನೆಯದು ಮುಂಬೈ. ತಂದೆಯ ತಮ್ಮ, ಅಂದರೆ ಹುಡುಗನ ಕಾಕಾ, ಇಪ್ಪತ್ತು ವರ್ಷಗಳ ಹಿಂದೆ ಗುಳೆ ಹೋದವರು ಅಲ್ಲೇ ನಿಂತು, ಈಗ ಮುಂಬೈ ಹತ್ತಿರದ ಕಲ್ಯಾಣ ಪಟ್ಟಣದ ಪೂರ್ವಭಾಗದಲ್ಲಿ ಸೆಂಟ್ರಿಂಗ್ ಕೆಲಸದ ಮೇಸ್ತ್ರಿಯಾಗಿದ್ದಾರೆ. ಅವರ ಪರಿಚಯದ ಗುತ್ತಿಗೆದಾರನೊಬ್ಬ ಭಿವಂಡಿಯ ಗೋದಾಮಿನಲ್ಲಿ 19,200 ರೂಪಾಯಿಯ ಕೆಲಸವಿದೆ ಎಂದು ತಿಳಿಸಿದ್ದ.

“ಸರ್, ಹೆಂಗ ಮಾಡಾಮ್ರಿ? ನೀವು ಹ್ಯಾಂಗಂತೀರಿ ಹಂಗ” ಎಂದು ತಂದೆ ನನ್ನ ಮೇಜಿನ ಮುಂದೆ ನಿಂತಾಗ ನಾನು 12,000 ಮತ್ತು 19,200 ಎಂಬ ಎರಡು ಅಂಕಿಗಳನ್ನು ಒಂದರ ಪಕ್ಕ ಒಂದು ಬರೆದೆ. ದೊಡ್ಡದನ್ನು ತೋರಿಸಿದೆ. ಅಷ್ಟೇ ನಾನು ಮಾಡಿದ ಮಾರ್ಗದರ್ಶನ.

ರೈಲು ಇಳಿಯುವ ಜಾಗ

ಮುಂಬೈ ಕಡೆಯಿಂದ ಬಂದ ಜಿಐಪಿ (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲ್ವೆ ಕಂಪನಿಯ ಹಳಿಯೂ ಮದ್ರಾಸಿನ ಕಡೆಯಿಂದ ಬಂದ ಹಳಿಯೂ 1871ರಲ್ಲಿ ಕೂಡಿದ್ದು ರಾಯಚೂರಿನಲ್ಲಿ. ಎರಡು ಕಡಲತೀರಗಳನ್ನು ಬೆಸೆದ ಗಂಟು ನಮ್ಮ ಊರಿನಲ್ಲಿ ಬಿದ್ದಿದ್ದರಿಂದ, ಬೆಂಗಳೂರಿಗಿಂತ ಮುಂಬೈಯೇ ಈ ಭಾಗದ ಹಿರಿಯರಿಗೆ ಹತ್ತಿರದ ಪಟ್ಟಣವಾಗಿತ್ತು. ಉದ್ಯಾನ್ ಎಕ್ಸ್‌ಪ್ರೆಸ್ ಇವತ್ತಿಗೂ ರಾಯಚೂರು, ಯಾದಗಿರಿ, ವಾಡಿ, ಕಲಬುರಗಿ, ಸೊಲ್ಲಾಪುರಗಳ ಮೇಲೆ ಹೋಗುತ್ತದೆ. ಅದರ ಕೊನೆಯ ನಿಲ್ದಾಣ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್. ನಮ್ಮ ಜನ ಅಲ್ಲಿಯ ತನಕ ಹೋಗುವುದು ಕಡಿಮೆ, ಬಹುಪಾಲು ಜನ ಕಲ್ಯಾಣದಲ್ಲಿ ಇಳಿದುಬಿಡುತ್ತಾರೆ. ಕಲ್ಯಾಣ ಕರ್ನಾಟಕದಿಂದ ಹತ್ತಿ ಕಲ್ಯಾಣದಲ್ಲಿ ಇಳಿಯುವುದನ್ನು ನಮ್ಮ ಹುಡುಗರು ಹಾಸ್ಯಕ್ಕೆ ಹೇಳುತ್ತಾರಾದರೂ ಈ ಪ್ರಕರಣದ ತಿರುಳು ಅದರಲ್ಲೇ ಇದೆ. ಈ ಯುವಕ ಮೊದಲ ಎಂಟು ತಿಂಗಳಲ್ಲಿ ಒಮ್ಮೆಯೂ ಸಮುದ್ರ ನೋಡಲಿಲ್ಲ.

ಅದಕ್ಕೆ ಕಾರಣ ಆ ನಗರದ ಆರ್ಥಿಕತೆ ನಡೆದು ಬಂದ ದಾರಿ. ಕಾವಸ್‌ಜಿ ದಾವರ್ 1854ರಲ್ಲಿ ಮೊದಲ ಹತ್ತಿ ಗಿರಣಿಗೆ ಅಡಿಪಾಯ ಹಾಕಿದ ಮೇಲೆ, ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತು ದಖ್ಖನಿನ ಕರಿಮಣ್ಣಿನ ಹತ್ತಿಗೆ ಬೆಲೆ ಏರಿ, ಬಂದರಿನ ವ್ಯಾಪಾರಿಗಳ ಕೈಯಲ್ಲಿ ದುಡ್ಡು ಕೂಡಿತು. ನಂತರದ ನೂರು ವರ್ಷ ಲಾಲ್‌ಬಾಗ್, ಪರೇಲ್ ಸುತ್ತಲಿನ ಗಿರಣಗಾಂವ್ ಲಕ್ಷಾಂತರ ಜನರನ್ನು ಸಾಕಿತು. ಗಿರಣಿಯಲ್ಲೂ ಎಲ್ಲರೂ ಕಾಯಂ ಆಗಿರಲಿಲ್ಲ, ದಿನ ಬೆಳಗಾದರೆ ಗೇಟಿನ ಮುಂದೆ ನಿಂತು ಯಾರೋ ಬರದವನ ಜಾಗಕ್ಕೆ ಒಳಗೆ ಹೋಗುವ ‘ಬದಲಿ’ ಕೆಲಸಗಾರರ ಸಾಲೇ ಇತ್ತು. ಆದರೆ ಬದಲಿಯವನ ಹೆಸರು ಇದ್ದದ್ದು ಗಿರಣಿಯದೇ ಪುಸ್ತಕದಲ್ಲಿ, ವರ್ಷ ಕಳೆದಂತೆ ಮೇಲೆ ಸರಿಯುವ ದಾರಿಯೂ ಅವನಿಗಿತ್ತು. 1982ರ ಜನವರಿ 18ರಂದು ದತ್ತಾ ಸಾಮಂತ್ ನಾಯಕತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಹೂಡಿದ ಮುಷ್ಕರ ಇತ್ಯರ್ಥವಾಗದೆ ಕರಗಿಹೋಯಿತು, ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಆ ಜಾಗಗಳಲ್ಲಿ ಮಾಲ್‌ಗಳೂ ಕಚೇರಿ ಗೋಪುರಗಳೂ ಎದ್ದವು.

ಹಡಗಿನ ಕೆಲಸವೂ ಹಾಗೆಯೇ ಜಾಗ ಬದಲಿಸಿತು. ಹಮಾಲರು ಮೂಟೆ ಇಳಿಸುತ್ತಿದ್ದ ಹಳೆಯ ಬಂದರಿನಿಂದ ಸರಕು ಸಾಗಣೆಯ ಬಹುಭಾಗ ಖಾಡಿಯಾಚೆಯ ನ್ಹಾವಾ ಶೇವಾಕ್ಕೆ ಹೋಯಿತು. 1989ರಲ್ಲಿ ಶುರುವಾದ ಜವಾಹರಲಾಲ್ ನೆಹರು ಬಂದರು ಈಗ ವರ್ಷಕ್ಕೆ ಎಪ್ಪತ್ತು ಲಕ್ಷಕ್ಕೂ ಹೆಚ್ಚು ಕಂಟೇನರ್ ಅಳತೆಯ ಸರಕು ನಿರ್ವಹಿಸುತ್ತದೆ. ಅಲ್ಲಿ ಎತ್ತುವುದೂ ಇಳಿಸುವುದೂ ಕ್ರೇನಿನ ಕೆಲಸ. ಮನುಷ್ಯರ ಕೆಲಸ ಬಂದರಿನಿಂದ ಹೊರಗೆ, ಕಂಟೇನರ್ ಬಿಚ್ಚುವ ಗೋದಾಮುಗಳಿಗೆ ಸರಿದಿದೆ. ಗೋದಾಮುಗಳು ಭಿವಂಡಿಯಲ್ಲಿ ಕೂಡಿಕೊಂಡದ್ದಕ್ಕೂ ಒಂದು ಕಾರಣವಿದೆ: ಮುಂಬೈ ಪಾಲಿಕೆಯ ಗಡಿಯೊಳಗೆ ಸರಕು ತಂದರೆ ಆಕ್ಟ್ರಾಯ್ ಸುಂಕ ಕಟ್ಟಬೇಕಿತ್ತು, ಗಡಿಯ ಹೊರಗೆ ಇಟ್ಟುಕೊಂಡು ಬೇಕಾದಷ್ಟೇ ಒಳಗೆ ಕಳಿಸಿದರೆ ವ್ಯಾಪಾರಿಗೆ ಲಾಭ. 2017ರ ಜುಲೈ 1ರಂದು ಜಿಎಸ್‌ಟಿ ಬಂದು ಆಕ್ಟ್ರಾಯ್ ಹೋಯಿತು, ಆದರೆ ಅಷ್ಟರಲ್ಲಿ ಬೇರು ಬಿಟ್ಟಿದ್ದ ಗೋದಾಮುಗಳು ಆನ್‌ಲೈನ್ ವ್ಯಾಪಾರದ ದೆಸೆಯಿಂದ ಇನ್ನಷ್ಟು ಬೆಳೆದವು. ಮಗ್ಗದ ಸದ್ದಿಗೆ ಹೆಸರಾಗಿದ್ದ ಊರು ರಟ್ಟಿನ ಪೆಟ್ಟಿಗೆಗಳ ಊರೂ ಆಯಿತು.

ಜನವೂ ಕೆಲಸದ ಹಿಂದೆಯೇ ಸರಿದಿದ್ದಾರೆ. 2011ರ ಜನಗಣತಿಯಲ್ಲಿ ಬೃಹನ್ಮುಂಬೈಯಲ್ಲಿ ಒಂದು ಕೋಟಿ 24 ಲಕ್ಷ ಜನರಿದ್ದರು, ಆದರೆ ದ್ವೀಪದ ಹಳೆಯ ಮುಂಬೈ ಜಿಲ್ಲೆಯ ಜನಸಂಖ್ಯೆ ಹಿಂದಿನ ಹತ್ತು ವರ್ಷಗಳಲ್ಲಿ 33 ಲಕ್ಷದಿಂದ 31 ಲಕ್ಷದ ಕೆಳಗೆ ಇಳಿದಿತ್ತು. ಇವತ್ತು ಮುಂಬೈ ಮಹಾನಗರ ಪ್ರದೇಶ ಎಂದರೆ ಮುಂಬೈ, ಠಾಣೆ, ಕಲ್ಯಾಣ-ಡೊಂಬಿವಲಿ, ಭಿವಂಡಿ, ಉಲ್ಹಾಸನಗರ, ನವಿ ಮುಂಬೈ, ಪನವೇಲ್, ವಸಯಿ-ವಿರಾರ್, ಮೀರಾ-ಭಾಯಂದರ್ ಸೇರಿ ಒಂಬತ್ತು ಮಹಾನಗರ ಪಾಲಿಕೆಗಳ ಗೊಂಚಲು. 2024ರಲ್ಲಿ ನೀತಿ ಆಯೋಗ ಈ ಪ್ರದೇಶದ ವಾರ್ಷಿಕ ಉತ್ಪನ್ನವನ್ನು ಸುಮಾರು 14,000 ಕೋಟಿ ಡಾಲರ್ ಎಂದು ಅಂದಾಜಿಸಿ, 2030ರೊಳಗೆ ಅದನ್ನು 30,000 ಕೋಟಿ ಡಾಲರಿಗೆ ಏರಿಸುವ ಗುರಿ ಹಾಕಿಕೊಟ್ಟಿತು. ಆ ಅಂಕಿ ದೊಡ್ಡದು, ನಾನು ಅಲ್ಲಗಳೆಯುವುದಿಲ್ಲ. ಬಾಂದ್ರಾ-ಕುರ್ಲಾ ಸಂಕೀರ್ಣದ ಬ್ಯಾಂಕುಗಳೂ ಷೇರುಪೇಟೆಯೂ ಅದರಲ್ಲಿ ಸೇರಿವೆ, ಭಿವಂಡಿಯ ಗೋದಾಮಿನಲ್ಲಿ ಪೆಟ್ಟಿಗೆ ಹೊರುವವನೂ ಸೇರಿದ್ದಾನೆ. ಮೇಲಿನ ಮೆಟ್ಟಿಲಿಗೆ ಪದವಿ ಮತ್ತು ಇಂಗ್ಲಿಷ್ ಬೇಕು. ಕೆಳಗಿನ ಮೆಟ್ಟಿಲಿಗೆ ಎರಡು ಕೈ ಸಾಕು. ಗಿರಣಿಯ ಕಾಲದಲ್ಲಿ ನಡುವೆ ಇದ್ದ ಅಗಲವಾದ ಮೆಟ್ಟಿಲು ಈಗ ಸಣ್ಣದಾಗಿ, ನಗರದ ಅಂಚಿನ ಕೈಗಾರಿಕಾ ವಸಾಹತುಗಳಲ್ಲಿ ಚದುರಿಹೋಗಿದೆ. ಐಟಿಐ ಕಲಿತ ಹುಡುಗನಿಗೆ ಬೇಕಾದದ್ದು ಆ ನಡುವಿನ ಮೆಟ್ಟಿಲು. ನಾನು ಅವನನ್ನು ಕಳಿಸಿದ್ದು ಕೆಳಗಿನದಕ್ಕೆ.

ನಮ್ಮದೇ ರಾಜ್ಯದ ಕರಾವಳಿಯವರ ವಿಷಯ ಇಲ್ಲಿ ನೆನಪಾಗುತ್ತದೆ. ದಕ್ಷಿಣ ಕನ್ನಡ, ಉಡುಪಿಯಿಂದ ಹೋದ ಹುಡುಗರು ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದು ಸಂಜೆ ಫೋರ್ಟ್‌ನ ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತು ಮೇಲೆ ಬಂದರು. ಅವರಿಗೆ ಜಾತಿ ಸಂಘಗಳಿದ್ದವು, ಸಹಕಾರಿ ಬ್ಯಾಂಕುಗಳಿದ್ದವು, ಮಾಟುಂಗಾದ ಮೈಸೂರು ಅಸೋಸಿಯೇಷನ್, ಮಾಹಿಮ್‌ನ ಕರ್ನಾಟಕ ಸಂಘದಂಥ ಸಭೆ ಸೇರುವ ಜಾಗಗಳಿದ್ದವು. ರಾಯಚೂರು, ಯಾದಗಿರಿ, ಕಲಬುರಗಿಯಿಂದ ಹೋದವರಿಗೆ ಇದ್ದದ್ದು ನಾಕಾ. ಬೆಳಗ್ಗೆ ಬುಟ್ಟಿ ಸಲಿಕೆ ಹಿಡಿದು ನಿಂತರೆ ಕಟ್ಟಡದವರು ಬಂದು ಕರೆದೊಯ್ಯುವ ಕೂಡುರಸ್ತೆ. ಕಾಕಾನಿಗೆ ಗೊತ್ತಿದ್ದ ಮುಂಬೈ ನಾಕಾದ ಮುಂಬೈ. ಅಲ್ಲಿ ಮೊದಲು ಸಿಗುವವನು ಗುತ್ತಿಗೆದಾರ, ಆದ್ದರಿಂದ ಅಣ್ಣನ ಮಗನನ್ನೂ ಅವರು ಗುತ್ತಿಗೆದಾರನ ಕೈಗೆ ಕೊಟ್ಟರು. ಅದರಲ್ಲಿ ಅವರ ತಪ್ಪಿಲ್ಲ.

ಒಂದು ತಿಂಗಳ ಚೀಟಿ

2023ರ ಮಾರ್ಚ್ ತಿಂಗಳ ಸಂಬಳದ ಚೀಟಿ ನನ್ನ ಹತ್ತಿರ ಇದೆ. ಒಟ್ಟು 19,200. ಅದರಲ್ಲಿ ಭವಿಷ್ಯನಿಧಿಗೆ 1,800, ಕಾರ್ಮಿಕರ ಆರೋಗ್ಯ ವಿಮೆಯಾದ ಇಎಸ್‌ಐಗೆ 144, ಮಹಾರಾಷ್ಟ್ರದ ವೃತ್ತಿ ತೆರಿಗೆ 200 ಕಡಿತವಾಗಿದೆ. ಇಷ್ಟು ಕಾನೂನಿನ ಪ್ರಕಾರವೇ. ಕೆಳಗೆ ಪೆನ್ನಿನಲ್ಲಿ ಬರೆದ ಇನ್ನೊಂದು ಸಾಲಿದೆ: ‘ಡ್ರೆಸ್, ಗೇಟ್‌ಪಾಸ್ 500’. ಇದು ಪ್ರತಿ ತಿಂಗಳೂ ಇತ್ತು. ಎಂಟು ತಿಂಗಳಲ್ಲಿ ಅವನಿಗೆ ಕೊಟ್ಟದ್ದು ಎರಡು ಅಂಗಿ. ಕೈಗೆ ಬಂದದ್ದು 16,556.

ಮೊದಲ ಹದಿನೈದು ದಿನ ಕಾಕಾನ ಮನೆಯಲ್ಲಿದ್ದ. ಹತ್ತು ಅಡಿಯ ಕೋಣೆಯಲ್ಲಿ ಆರನೆಯವನಾಗಿ ಮಲಗುವುದು ಕಷ್ಟವೆನಿಸಿ, ಗೋದಾಮಿನ ಹುಡುಗರ ಜೊತೆ ಭಿವಂಡಿಯಲ್ಲೇ ಬಾಡಿಗೆಗೆ ಹೋದ. ಅಲ್ಲಿಯೂ ಆರು ಜನರೇ, ಆದರೆ ಪಾಳಿ ಬೇರೆ ಬೇರೆ ಇದ್ದುದರಿಂದ ಒಮ್ಮೆಗೆ ಮೂವರು ಮಲಗುತ್ತಿದ್ದರು. ಬಾಡಿಗೆಯ ಪಾಲು 2,500. ಮೆಸ್ಸಿಗೆ 4,000. ಮಾನ್ಕೋಲಿ ನಾಕಾದ ಹತ್ತಿರದ ಗೋದಾಮಿಗೆ ಶೇರ್ ಆಟೋ ದಿನಕ್ಕೆ 60, ಇಪ್ಪತ್ತಾರು ದಿನಕ್ಕೆ 1,560. ಮೊಬೈಲ್ ರೀಚಾರ್ಜ್ 300. ಸೋಪು, ಚಹಾ, ಔಷಧಿ, ಇತರೆ 1,200. ಒಟ್ಟು ಖರ್ಚು 9,560, ಉಳಿದದ್ದು 6,996. ಊರಿಗೆ ಹೋಗಿಬರುವ ಟಿಕೆಟ್, ಹಬ್ಬದ ಬಟ್ಟೆ ಇತ್ಯಾದಿಗಳನ್ನು ಅದರಲ್ಲೇ ತೆಗೆದು ಮನೆಗೆ 5,000 ಕಳಿಸುತ್ತಿದ್ದ.

ಇದರ ಪಕ್ಕದಲ್ಲಿ ಜಿನ್ನಿಂಗ್ ಮಿಲ್ಲಿನ 12,000ವನ್ನು ಇಟ್ಟು ನೋಡಬೇಕಿತ್ತು. ಬಸ್ ಪಾಸಿಗೆ 1,400, ಚಹಾ ಮತ್ತು ಮೊಬೈಲಿಗೆ 1,300 ತೆಗೆದರೂ 9,300 ಉಳಿಯುತ್ತಿತ್ತು. ಮನೆಯ ರೊಟ್ಟಿಗೆ ಇಲ್ಲಿ ಬೆಲೆ ಕಟ್ಟಿಲ್ಲ, ಕಟ್ಟಿದರೆ ಅಂತರ ಕಡಿಮೆಯಾಗುತ್ತದೆ. ಹಂಗಾಮು ಮುಗಿದ ಮೇಲಿನ ಖಾಲಿ ತಿಂಗಳುಗಳನ್ನು ಹಿಡಿದರೆ ವರ್ಷದ ಲೆಕ್ಕದಲ್ಲಿ ಎರಡೂ ಸರಿಸಮ ಆಗಬಹುದು. ಹಾಗಿದ್ದರೂ 7,200 ರೂಪಾಯಿ ಹೆಚ್ಚು ಎಂದು ನಾನು ಕಾಗದದ ಮೇಲೆ ತೋರಿಸಿದ ಲಾಭ ಭಿವಂಡಿಯ ಕೋಣೆ, ಮೆಸ್ಸು, ಆಟೋಗಳ ನಡುವೆ ಹೇಳಹೆಸರಿಲ್ಲದಂತೆ ಹೋಗಿತ್ತು.

ಹಣಕ್ಕಿಂತ ದೊಡ್ಡ ನಷ್ಟ ಬೇರೆ ಇತ್ತು. ಕೆಲಸಕ್ಕೆ ತೆಗೆದುಕೊಂಡದ್ದು ‘ಎಲೆಕ್ಟ್ರಿಷಿಯನ್ ಕಂ ಹೆಲ್ಪರ್’ ಎಂದು. ಟ್ಯೂಬ್‌ಲೈಟ್ ಬದಲಿಸುವುದು, ಕನ್ವೇಯರ್ ನಿಂತರೆ ಸರ್ವಿಸ್ ಕಂಪನಿಯವರು ಬರುವ ತನಕ ಕಾಯುವುದು, ಉಳಿದ ಸಮಯ ಪೆಟ್ಟಿಗೆಗಳಿಗೆ ಸ್ಕ್ಯಾನರ್ ಹಿಡಿಯುವುದು. ಪ್ಯಾನಲ್ ಬೋರ್ಡಿನ ಬಾಗಿಲು ತೆರೆಯುವ ಅಧಿಕಾರ ಅವನಿಗಿರಲಿಲ್ಲ. ಎರಡು ವರ್ಷ ಕಲಿತ ಮೋಟಾರ್ ವೈಂಡಿಂಗ್, ಸ್ಟಾರ್ಟರ್ ಕನೆಕ್ಷನ್ ಎಲ್ಲ ಎಂಟು ತಿಂಗಳಲ್ಲಿ ಕೈಬಿಟ್ಟುಹೋಗುವಂತಾಯಿತು. ಇಂಥ ಕೆಲಸದಲ್ಲಿ ಐದು ವರ್ಷ ಕಳೆದವನ ಸಂಬಳಕ್ಕೂ ಹೊಸದಾಗಿ ಬಂದವನ ಸಂಬಳಕ್ಕೂ ಒಂದೆರಡು ಸಾವಿರದ ವ್ಯತ್ಯಾಸ ಮಾತ್ರ ಎಂಬುದನ್ನು ಅವನೇ ಕೋಣೆಯ ಹಿರಿಯ ಹುಡುಗರನ್ನು ಕೇಳಿ ತಿಳಿದುಕೊಂಡಿದ್ದ.

2023ರ ಜುಲೈ ಮಳೆಯಲ್ಲಿ ವಿಷಯ ಕೊನೆ ಮುಟ್ಟಿತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದದ್ದನ್ನು ಆ ಊರಿನವರು ಇನ್ನೂ ಹೇಳಿಕೊಳ್ಳುತ್ತಾರೆ. ನಮ್ಮ ಜಿಲ್ಲೆಗೆ ಒಂದು ವರ್ಷಕ್ಕೆ ಬೀಳುವ ಮಳೆಯೂ ಅದಕ್ಕಿಂತ ಕಡಿಮೆ. ಅಷ್ಟು ದೊಡ್ಡ ಮಳೆ ಬೇಕಾಗಿಯೇ ಇಲ್ಲ, ರಸ್ತೆಯ ಮೇಲೆ ಮೊಣಕಾಲುದ್ದ ನೀರು ನಿಂತರೆ ಆಟೋ ಬರುವುದಿಲ್ಲ. ಆ ತಿಂಗಳು ನಾಲ್ಕು ದಿನ ಅವನು ಗೋದಾಮಿಗೆ ಹೋಗಲಾಗಲಿಲ್ಲ, ನಾಲ್ಕೂ ದಿನದ ಕೂಲಿ ಹೋಯಿತು. ಆಮೇಲೆ ಜ್ವರ ಬಂತು. ಇಎಸ್‌ಐ ಆಸ್ಪತ್ರೆಗೆ ಹೋದರೆ ಅವನ ಕಂತು ಜಮೆಯಾಗಿರಲಿಲ್ಲ. ಉಮಂಗ್ ಆ್ಯಪಿನಲ್ಲಿ ಭವಿಷ್ಯನಿಧಿಯ ಪಾಸ್‌ಬುಕ್ ತೆಗೆದು ನೋಡಿದಾಗ ಎಂಟು ತಿಂಗಳಲ್ಲಿ ಮೂರು ತಿಂಗಳದು ಮಾತ್ರ ಕಟ್ಟಿದ್ದರು. ಗುತ್ತಿಗೆದಾರನನ್ನು ಕೇಳಿದರೆ ಗೋದಾಮಿನವರು ಬಿಲ್ ಪಾಸು ಮಾಡಿಲ್ಲ ಎಂದ, ಗೋದಾಮಿನ ಮ್ಯಾನೇಜರನನ್ನು ಕೇಳಿದರೆ ನಿನ್ನ ಹೆಸರೇ ನಮ್ಮ ಮಸ್ಟರಿನಲ್ಲಿ (ಹಾಜರಿ ಪುಸ್ತಕದಲ್ಲಿ) ಇಲ್ಲ ಎಂದ. ಗುತ್ತಿಗೆದಾರ ಕಟ್ಟದಿದ್ದರೆ ಮೂಲ ಮಾಲೀಕನೇ ಕಟ್ಟಬೇಕೆಂದು ಕಾನೂನು ಹೇಳುತ್ತದೆ. ಆದರೆ ನೇಮಕಾತಿ ಪತ್ರವೇ ಕೈಯಲ್ಲಿಲ್ಲದ, ಮರಾಠಿ ಅರ್ಧಂಬರ್ಧ ಬರುವ ಇಪ್ಪತ್ತೊಂದು ವರ್ಷದ ಹುಡುಗನಿಗೆ ಆ ಕಾನೂನಿನ ಬಾಗಿಲು ಯಾವ ಬೀದಿಯಲ್ಲಿದೆ ಎಂದು ತಿಳಿಯುವುದು ಹೇಗೆ? ಕೊನೆಗೆ ನಾನು ರಾಯಚೂರಿನಿಂದಲೇ ಆನ್‌ಲೈನಿನಲ್ಲಿ ದೂರು ಹಾಕಿಸಿದೆ. ಆರು ತಿಂಗಳ ಮೇಲೆ ಇನ್ನೆರಡು ತಿಂಗಳಿನದು ಜಮೆಯಾಯಿತು. ಉಳಿದ ಮೂರು ತಿಂಗಳದು ಇಂದಿಗೂ ಬಂದಿಲ್ಲ.

ಎರಡನೆಯ ಪ್ರಯಾಣ

ಊರಿಗೆ ಬಂದ ಮೇಲೆ ಅವನು ನನ್ನ ಕಚೇರಿಗೆ ಬಂದು ಕುಳಿತಾಗ ಸಂಬಳ ಎಷ್ಟು ಬೇಕು ಎಂದು ಕೇಳಲು ಬಾಯಿ ತೆರೆದೆ. ಅವನೇ ಮುಂಚೆ ಹೇಳಿದ: “ಸರ್, ಈ ಸಲ ರೊಕ್ಕದ ಮಾತು ಆಮ್ಯಾಲೆ. ಯಾರ ಮಸ್ಟರ್‌ನಾಗ ಹೆಸರು ಬರ್ತೈತಿ ಅದನ್ನ ಹೇಳ್ರಿ.”

ಕೇಂದ್ರದ ಅಪ್ರೆಂಟಿಸ್ ಪೋರ್ಟಲಿನಲ್ಲಿ ಅವನ ನೋಂದಣಿ ಮೊದಲೇ ಇತ್ತು, ಅದನ್ನು ಯಾರೂ ತಿರುಗಿ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ. ಪನವೇಲ್ ಹತ್ತಿರದ ತಳೋಜಾ ಕೈಗಾರಿಕಾ ವಸಾಹತಿನ ಒಂದು ಕಾರ್ಖಾನೆ ಎಲೆಕ್ಟ್ರಿಷಿಯನ್ ಅಪ್ರೆಂಟಿಸ್‌ಗಳನ್ನು ಕರೆದಿತ್ತು. ಒಂದು ವರ್ಷದ ಅವಧಿ, ತಿಂಗಳಿಗೆ 11,500 ಸ್ಟೈಪೆಂಡ್. ಅಪ್ರೆಂಟಿಸ್‌ಗಳಿಗೆ ಭವಿಷ್ಯನಿಧಿಯೂ ಇಲ್ಲ, ಇಎಸ್‌ಐಯೂ ಇಲ್ಲ. ಆದರೆ ಒಪ್ಪಂದ ಕಾರ್ಖಾನೆಯ ಜೊತೆ ನೇರವಾಗಿ, 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ, ಸರಕಾರದ ದಾಖಲೆಯಲ್ಲಿ. ಮುಗಿದ ಮೇಲೆ ಪರೀಕ್ಷೆ ಬರೆದರೆ ದೇಶದಾದ್ಯಂತ ನಡೆಯುವ ಪ್ರಮಾಣಪತ್ರ.

ಮನೆಯಲ್ಲಿ ತಾಯಿ ಒಪ್ಪಿದರು, ತಂದೆ ಒಪ್ಪಲಿಲ್ಲ. ಅವರ ಆಕ್ಷೇಪಣೆ ನ್ಯಾಯವಾದದ್ದೇ: 5,000 ಬರುತ್ತಿದ್ದದ್ದು ನಿಂತರೆ ಗೊಬ್ಬರದಂಗಡಿಯ ಬಾಕಿ ತೀರಿಸುವುದು ಹೇಗೆ? ಇಲ್ಲಿ ಒಂದು ಸಂಗತಿಯನ್ನು ದಾಖಲಿಸಬೇಕು. 2023ರ ಆಗಸ್ಟ್ ಕೊನೆಯಲ್ಲಿ ಗೃಹಲಕ್ಷ್ಮಿ ಯೋಜನೆ ಜಾರಿಗೆ ಬಂದು ತಾಯಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಬೀಳಲು ಶುರುವಾಗಿತ್ತು. ಎಮ್ಮೆಯ ಹಾಲು ಮಾರಿದ ದುಡ್ಡೂ ಅವರ ಕೈಯಲ್ಲೇ ಇತ್ತು. “ಒಂದು ವರ್ಷ ನಾ ನಡಸ್ತೀನಿ, ಹೋಗಲಿ ಬಿಡ್ರಿ” ಎಂದು ಅವರು ಗಂಡನಿಗೆ ಹೇಳಿದರು. ಇಂಥ ಯೋಜನೆಗಳಿಂದ ಜನ ಸೋಮಾರಿಗಳಾಗುತ್ತಾರೆ ಎಂದು ನಮ್ಮ ಸಿಬ್ಬಂದಿ ಕೋಣೆಯಲ್ಲಿ ಚರ್ಚೆ ನಡೆಯುವುದುಂಟು. ಈ ಮನೆಯಲ್ಲಿ ಆ 2,000 ಮಾಡಿದ ಕೆಲಸ ಬೇರೆ: ಕಡಿಮೆ ಸಂಬಳದಲ್ಲಿ ಒಂದು ವರ್ಷ ಕಲಿಯುವ ತಾಳ್ಮೆಯನ್ನು ಮಗನಿಗೆ ಕೊಂಡುಕೊಟ್ಟಿತು.

2023ರ ಅಕ್ಟೋಬರಿನಿಂದ ಒಂದು ವರ್ಷ ತಳೋಜಾದಲ್ಲಿದ್ದ. ಊಟಕ್ಕೆ ಕಾರ್ಖಾನೆಯ ಕ್ಯಾಂಟೀನು, ಬರಲು ಹೋಗಲು ಕಂಪನಿ ಬಸ್ಸು. ಮೊದಲ ನಾಲ್ಕು ತಿಂಗಳು ಮನೆಗೆ ಏನೂ ಕಳಿಸಲಿಲ್ಲ, ಆಮೇಲೆ 2,500ರಂತೆ ಕಳಿಸಿದ. 440 ವೋಲ್ಟ್ ಪ್ಯಾನಲ್, ಡೀಸೆಲ್ ಜನರೇಟರ್, ಯುಪಿಎಸ್ ಬ್ಯಾಟರಿ ಬ್ಯಾಂಕ್, ಕೆಲಸಕ್ಕೆ ಮುಂಚೆ ಬೀಗ ಹಾಕಿ ಚೀಟಿ ಕಟ್ಟುವ ಸುರಕ್ಷತಾ ಪದ್ಧತಿ, ಇವೆಲ್ಲ ಅಲ್ಲಿ ಕೈಗೆ ಹತ್ತಿದವು. 2024ರ ಜನವರಿ 12ರಂದು ಶಿವಡಿಯಿಂದ ನ್ಹಾವಾ ಶೇವಾ ಕಡೆಗೆ ಹೋಗುವ 21.8 ಕಿಲೋಮೀಟರಿನ ಅಟಲ್ ಸೇತು ಉದ್ಘಾಟನೆಯಾದಾಗ ಕೋಣೆಯ ಹುಡುಗರೆಲ್ಲ ಗೆಳೆಯನೊಬ್ಬನ ಬೈಕಿನಲ್ಲಿ ನೋಡಲು ಹೊರಟಿದ್ದರಂತೆ. ಆ ಸೇತುವೆಯ ಮೇಲೆ ದ್ವಿಚಕ್ರ ವಾಹನಕ್ಕೂ ಆಟೋಗೂ ಪ್ರವೇಶವಿಲ್ಲ ಎಂಬುದು ಹೋದ ಮೇಲೆ ತಿಳಿಯಿತು. ಅದನ್ನು ಅವನು ನಗುತ್ತಲೇ ಹೇಳಿದ. ಸೇತುವೆ ಮೇಲೆ ಹೋಗಲಾಗದಿದ್ದರೂ ಅದರ ಪರಿಣಾಮ ಅವನಿಗೆ ತಟ್ಟದೆ ಇಲ್ಲ, ಏಕೆಂದರೆ ಸೇತುವೆ, 2025ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ನವಿ ಮುಂಬೈ ವಿಮಾನ ನಿಲ್ದಾಣ, ಬಂದರು, ಇವೆಲ್ಲ ಸೇರಿ ಪನವೇಲ್-ಉರಣ್ ಭಾಗದಲ್ಲಿ ವಿದ್ಯುತ್ ನಿರ್ವಹಣೆ ಬಲ್ಲವರಿಗೆ ಬೇಡಿಕೆ ಹೆಚ್ಚಿಸಿವೆ.

ಅವನು ಈಗಿರುವುದು ಠಾಣೆ-ಬೇಲಾಪುರ ಪಟ್ಟಿಯ ಮಹಾಪೆಯ ಒಂದು ಡೇಟಾ ಸೆಂಟರಿನಲ್ಲಿ, ಪಾಳಿಯ ಎಲೆಕ್ಟ್ರಿಕಲ್ ಟೆಕ್ನಿಷಿಯನ್ ಆಗಿ. ದೇಶದ ಡೇಟಾ ಸೆಂಟರ್ ಸಾಮರ್ಥ್ಯದ ಸುಮಾರು ಅರ್ಧದಷ್ಟು ಮುಂಬೈ ಪ್ರದೇಶದಲ್ಲೇ ಇರುವುದಕ್ಕೆ ಒಂದು ಮುಖ್ಯ ಕಾರಣ, ಸಮುದ್ರದ ತಳದಲ್ಲಿ ಬರುವ ಅಂತರರಾಷ್ಟ್ರೀಯ ಕೇಬಲ್‌ಗಳು ವರ್ಸೋವಾದಂಥ ತೀರಗಳಲ್ಲಿ ನೆಲ ಮುಟ್ಟುವುದು. ಒಂದು ಕಾಲಕ್ಕೆ ಹತ್ತಿಯ ಹಡಗು ಬಂದ ದಂಡೆಗೇ ಈಗ ಕೇಬಲ್ ಬರುತ್ತದೆ, ಕರೆಂಟು ಒಂದು ಕ್ಷಣವೂ ಹೋಗಬಾರದ ಕಟ್ಟಡಗಳು ಅದರ ಹಿಂದೆ ಏಳುತ್ತವೆ. ಅಲ್ಲಿಗೆ ಇಂಜಿನಿಯರುಗಳು ಕೆಲವೇ ಜನ ಸಾಕು. ಯುಪಿಎಸ್, ಜನರೇಟರ್, ಕೂಲಿಂಗ್ ನೋಡುವ ಪಾಳಿಯ ಕೆಲಸಗಾರರು ಹಗಲೂ ರಾತ್ರಿ ಬೇಕು. ಗಿರಣಿಯಷ್ಟು ಜನರನ್ನು ಈ ಉದ್ಯಮ ಎಂದಿಗೂ ಸಾಕಲಾರದು, ಆದರೂ ನಡುವಿನ ಮೆಟ್ಟಿಲು ಅಲ್ಲಿ ಕಣ್ಣಿಗೆ ಬೀಳುತ್ತದೆ.

ಈಗ ಅವನ ಒಟ್ಟು ಸಂಬಳ 24,000, ಕಡಿತ ಹೋಗಿ ಕೈಗೆ 22,000. ಘಣಸೋಲಿಯಲ್ಲಿ ನಾಲ್ವರ ಕೋಣೆ. ತಿಂಗಳ ಖರ್ಚು 11,000, ಮನೆಗೆ 9,000. ಭವಿಷ್ಯನಿಧಿ ಪ್ರತಿ ತಿಂಗಳೂ ಜಮೆಯಾಗುತ್ತಿದೆ, ಪ್ರತಿ ತಿಂಗಳ ಇಪ್ಪತ್ತನೆಯ ತಾರೀಕು ಪಾಸ್‌ಬುಕ್ ತೆರೆದು ನೋಡುವ ಅಭ್ಯಾಸ ಅವನಿಗೆ ಅಂಟಿಕೊಂಡಿದೆ. ಆದರೆ ಎಲ್ಲವೂ ಸರಿಹೋಯಿತೆಂದು ಬರೆದರೆ ಪ್ರಕರಣಕ್ಕೆ ಅನ್ಯಾಯವಾಗುತ್ತದೆ. ಸಂಬಳ 21,000 ದಾಟಿದ್ದರಿಂದ ಅವನು ಇಎಸ್‌ಐ ವ್ಯಾಪ್ತಿಯ ಹೊರಗೆ ಹೋದ, ಅದರ ಜೊತೆ ಅವಲಂಬಿತ ತಂದೆ-ತಾಯಿಗೆ ಸಿಗಬಹುದಾಗಿದ್ದ ಚಿಕಿತ್ಸೆಯೂ ಹೋಯಿತು. ಕಂಪನಿಯ ವಿಮೆ ಅವನೊಬ್ಬನಿಗೆ ಮಾತ್ರ. ಹೆಸರು ಇರುವುದು ಡೇಟಾ ಸೆಂಟರಿನ ಮಸ್ಟರಿನಲ್ಲಿ ಅಲ್ಲ, ಅದರ ನಿರ್ವಹಣೆ ಹಿಡಿದ ಸಂಸ್ಥೆಯ ಮಸ್ಟರಿನಲ್ಲಿ. ಆ ಸಂಸ್ಥೆಯ ಒಪ್ಪಂದ ವರ್ಷಕ್ಕೊಮ್ಮೆ ಸೆಪ್ಟೆಂಬರಿನಲ್ಲಿ ನವೀಕರಣಗೊಳ್ಳುತ್ತದೆ. ಈ ಸಲ ಮಾತ್ರ ನೇಮಕಾತಿ ಪತ್ರ ಕೈಯಲ್ಲಿದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳು ಎಲ್ಲ ಕೆಲಸಗಾರರಿಗೂ ಅದನ್ನು ಕೊಡಬೇಕೆನ್ನುತ್ತವೆ. ಭಿವಂಡಿಯ ಗೋದಾಮಿನಲ್ಲಿ ಅವನ ಹಳೆಯ ಜೊತೆಗಾರರಿಗೆ ಇನ್ನೂ ಕೊಟ್ಟಿಲ್ಲವಂತೆ.

ನನ್ನ ಕಡೆಯಿಂದ ಆದ ಬದಲಾವಣೆ ಸಣ್ಣದು. ಹೊರಗಿನ ಊರಿನ ಕೆಲಸ ಕೇಳಿಕೊಂಡು ಬಂದ ಹುಡುಗನಿಗೆ ಈಗ ಸಂಬಳದ ಅಂಕಿಗಿಂತ ಮುಂಚೆ ಕೆಲಸದ ಜಾಗದ ಪಿನ್‌ಕೋಡ್ ತರಿಸುತ್ತೇನೆ, ಮಲಗುವ ಜಾಗ ಎಲ್ಲಿ ಎಂದು ಕೇಳುತ್ತೇನೆ, ಸಂಬಳ ಯಾರ ಖಾತೆಯಿಂದ ಬರುತ್ತದೆ ಎಂದು ಕೇಳುತ್ತೇನೆ. ಬಹಳ ಹುಡುಗರಿಗೆ ಮೂರನೆಯದಕ್ಕೆ ಉತ್ತರ ಗೊತ್ತಿರುವುದಿಲ್ಲ. ಗೊತ್ತಿಲ್ಲದೆಯೂ ಹೋಗುತ್ತಾರೆ, ಏಕೆಂದರೆ ಜಿನ್ನಿಂಗ್ ಮಿಲ್ಲಿನ ಸಾಹುಕಾರರು ಇನ್ನೂ “ನೋಡೋಣಂತ” ಎನ್ನುತ್ತಲೇ ಇದ್ದಾರೆ.

ಮೊನ್ನೆ ತಂದೆ ಮತ್ತೆ ಬಂದಿದ್ದರು. ಯುಗಾದಿಗೆ ಐದೂ ಎಕರೆಯನ್ನು ಲೀಜಿಗೆ ಕೊಟ್ಟುಬಿಡಬೇಕೆಂಬ ಆಲೋಚನೆ ಅವರದು, ಮಗನ ನೌಕರಿ ಗಟ್ಟಿಯಾಯಿತಲ್ಲ ಎಂದು. ಅಲ್ಲಿಂದಲೇ ಮಗನಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು. ಅವನು ರಾತ್ರಿ ಪಾಳಿ ಮುಗಿಸಿ ಮಲಗಿದ್ದವನು ಎದ್ದು, ಸೆಪ್ಟೆಂಬರ್ ದಾಟುವ ತನಕ ಹೊಲದ ಮೇಲೆ ಯಾರ ಹತ್ತಿರವೂ ಮುಂಗಡ ಹಿಡಿಯಬೇಡಿ ಎಂದು ಅಪ್ಪನಿಗೆ ತಿಳಿಸಿ ಹೇಳಿರೆಂದ. ಲೀಜಿನ ಮಾತು ಅಲ್ಲಿಗೇ ನಿಂತಿತು, ಈ ಮುಂಗಾರಿಗೂ ಹತ್ತಿಬೀಜ ಅವರೇ ಊರುವುದೆಂದು ತೀರ್ಮಾನವಾಯಿತು.